ಎಡಗೈ ಮಣಿಕಟ್ಟು

ನುಗ್ಗೇಹಳ್ಳಿಯ ಕೊಬ್ಬರಿ ವ್ಯಾಪಾರಿ ಚನ್ನಬಸವಯ್ಯನವರು ಎದೆನೋವಿನ ಜೊತೆಗೂ ಮೊದಲು ಚೌಕಾಸಿಗೇ ಕೂತರು. ಗ್ಯಾಸು ಅಂದರು, ಜೀರಿಗೆ ನೀರು ಕುಡಿದರು, ಬೆವರು ಒರೆಸಿಕೊಂಡರು. ನೋವು ದರ ಇಳಿಸಲಿಲ್ಲ. ಮಗ ಶಿವಕುಮಾರ್ ಅಪ್ಪನನ್ನೂ ತಾಯಿ ರೇವಮ್ಮನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹಾಸನದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರ ಮುಖಕ್ಕೂ ಹಣೆಯ ವಿಭೂತಿಗೂ ಬಣ್ಣದಲ್ಲಿ ವ್ಯತ್ಯಾಸ ಉಳಿದಿರಲಿಲ್ಲ.

ಹೃದಯದ ರಕ್ತನಾಳವೊಂದು ಮುಚ್ಚಿದೆ, ಈಗಲೇ ಸಣ್ಣ ನಳಿಕೆ ತೂರಿಸಿ ತೆರೆಯಬೇಕು ಎಂದರು ಡಾಕ್ಟರ್ ದೀಪಶ್ರೀ. ಎಲ್ಲಿಂದ ತೂರಿಸುವುದು ಎಂಬಲ್ಲೇ ಗಂಟು ಬಿತ್ತು. ಕೆಲವು ವರ್ಷದ ಹಿಂದೆ ಬೇರೊಂದು ಊರಿನಲ್ಲಿ ಸ್ಟೆಂಟ್ ಹಾಕುವಾಗ ಮೊದಲು ಬಲ ಮಣಿಕಟ್ಟಿನಿಂದ ಯತ್ನಿಸಿ, ಆಗದೆ, ತೊಡೆಸಂದಿಯಿಂದ ಹೋಗಿದ್ದರು. ಬಲಗೈಯ ಆ ನಾಳ ಆಮೇಲೆ ಮುಚ್ಚಿಹೋಗಿತ್ತು. ಬೆರಳಿಟ್ಟರೆ ನಾಡಿ ಸಿಗುತ್ತಿರಲಿಲ್ಲ. ತೊಡೆಯೊಳಗೆ ರಕ್ತ ಸೋರಿ ಮೊಳಕಾಲಿನವರೆಗೆ ಕಪ್ಪಾಗಿ, ಬೇರೆಯವರ ರಕ್ತ ಕೊಟ್ಟು ಉಳಿಸಿಕೊಂಡಿದ್ದರು.

"ಎಡಗೈಯಿಂದ ಹೋಗ್ತೀನಿ ಯಜಮಾನ್ರೇ," ಎಂದರು ಡಾಕ್ಟರ್.

ಚನ್ನಬಸವಯ್ಯನವರು ಎಡಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು. "ಅದೊಂದು ಬ್ಯಾಡ ಕಣವ್ವ. ತೊಡೇಲೇ ಆಕು."

"ಹೋದ್ ಸಲ ತೊಡೇಲಿ ಏನಾಯ್ತು, ನೆನಪೈತಾ?"

"ಸಾಯ್ನಿಲ್ವಲ್ಲ."

ಡಾಕ್ಟರ್ ದೀಪಶ್ರೀ ಹೊಳೆನರಸೀಪುರದವರು. ಆಸ್ಪತ್ರೆಯ ಇಂಗ್ಲಿಷನ್ನು ಬದಿಗಿಟ್ಟು ಮನೆ ಮಾತಿಗೆ ಇಳಿದರು. "ಈಗ ರಕ್ತ ಹೆಪ್ಪುಗಟ್ಟದಂಗೆ ಔಷಧಿ ಕೊಟ್ಟಿವ್ನಿ. ತೊಡೇಲಿ ಸೋರೋಕೆ ಶುರುವಾದ್ರೆ ಒಳಗೆಷ್ಟು ಹೋಯ್ತು ಅಂತ ಗೊತ್ತೇ ಆಗಾಕಿಲ್ಲ. ಮಣಿಕಟ್ಟಾದ್ರೆ ಕಣ್ಣೆದುರಿಗಿರ್ತದೆ. ಮೂಳೆ ಮೇಲೆ ಒತ್ತಿ ಹಿಡಿದ್ರೆ ನಿಂತ್ಕತದೆ."

"ಅಪ್ಪಯ್ಯ, ಇದೇನ್ ಕೊಬ್ಬರಿ ಮಂಡಿನಾ ಚೌಕಾಸಿ ಮಾಡಾಕೆ? ಕೈ ಕೊಡು!" ಎಂದ ಶಿವಕುಮಾರ್.

"ಸುಮ್ಕಿರ್ಲಾ. ಈ ಕೈಯಾಗೆ ಏನ್ ಕೂರ್ತದೆ ಅಂತ ನಿಂಗೊತ್ತಿಲ್ವಾ?"

ಗೊತ್ತಿತ್ತು. ಹುಡುಗನಾಗಿದ್ದಾಗ ದೀಕ್ಷೆಯಾದಂದಿನಿಂದ ಅಪ್ಪ ಕೊರಳ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ತೊಟ್ಟು ನೀರು ಕುಡಿದವರಲ್ಲ. ಎದೆಯ ಎಕ್ಸ್‌ರೇ ಚಿತ್ರಕ್ಕೆ ಲಿಂಗವಿಡುವ ಬೆಳ್ಳಿ ಕರಡಿಗೆಯ ನೆರಳು ಅಡ್ಡ ಬರುತ್ತದೆಂದು ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತಲೆಗೆ ಕಟ್ಟುವುದಕ್ಕೆ ಒಪ್ಪಿದ್ದೇ ಹೆಚ್ಚು.

"ನಾಳೆ ಬೆಳಗ್ಗೆ ಈ ಕೈಯಾಗೆ ಲಿಂಗ ಇಡಬೌದಾ? ನಿಜ ಯೋಳವ್ವ."

"ಇಲ್ಲ," ಎಂದರು ಡಾಕ್ಟರ್. "ಒಂದೆರಡು ದಿನ ಮಣಿಕಟ್ಟು ಅಲ್ಲಾಡಿಸಂಗಿಲ್ಲ. ಕೆಲವರಿಗೆ ಈ ನಾಳಾನೂ ಮುಚ್ಕತದೆ. ಆದ್ರೆ ನಿಮ್ ಬಲಗೈ ನೋಡಿ, ಇನ್ನೊಂದು ನಾಳದಿಂದ ಬದುಕಿಲ್ವಾ?"

"ಅಂಗಾದ್ರೆ ಪೂಜೆ ತಪ್ತು. ಪೂಜೆ ತಪ್ಪಿದ್ಮೇಲೆ ಉಳಕಂಡು ಏನ್ ಮಾಡ್ಲಿ?"

ಅಷ್ಟು ಹೊತ್ತೂ ಗೋಡೆಗೆ ಒತ್ತಿ ನಿಂತಿದ್ದ ರೇವಮ್ಮ ಮಂಚದ ಹತ್ತಿರ ಬಂದರು. "ನನ್ ಅಂಗೈ ಐತಲ್ಲ."

"ಒಬ್ರ ಲಿಂಗ ಇನ್ನೊಬ್ರ ಕೈಗೆ ಓಗಬಾರ್ದು ಕಣೇ."

"ನನ್ ಕೊರಳಾಗೂ ಲಿಂಗ ಐತೆ. ನಂಗೂ ಗೊತ್ತು." ರೇವಮ್ಮ ಗಲ್ಲ ಒಳಕ್ಕೆಳೆದು, ಹೊಟ್ಟೆಯಿಂದ ದನಿ ತೆಗೆದು, ಗಂಡನ ಬೆಳಗಿನ ಅಬ್ಬರವನ್ನು ಇದ್ದಕ್ಕಿದ್ದಂತೆ ವಾರ್ಡಿಗೆ ತಂದರು: "'ರೇವಾ, ಪತ್ರೆ ಎಲ್ಲೇ? ರೇವಾ, ನೀರು! ರೇವಾ, ಬತ್ತಿ ಒಸೆದಿಲ್ವೇನೇ?' ಅಂತ ಅರಚುವಾಗೆಲ್ಲ ಈ ಕೈ ಬೇಕಾಗಿತ್ತು. ಇವತ್ತು ಬ್ಯಾಡ್ವಾ?"

ನರ್ಸು ನಗು ಮರೆಸಲು ಮುಖ ಆಚೆ ತಿರುಗಿಸಿದಳು. ಚನ್ನಬಸವಯ್ಯನವರ ತುಟಿಯೂ ಅಲುಗಿತು. ಅಷ್ಟರಲ್ಲಿ ನೋವು ಮತ್ತೆ ಹಿಂಡಿತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ನಿಧಾನವಾಗಿ ಇಳಿಯಿತು.

ರೇವಮ್ಮ ಬಾಗಿದರು. ಈಗ ಅದು ಅವರದೇ ದನಿ, ಬಲು ಸಣ್ಣದು. "ನೀವು ಓಗ್ಬುಟ್ರೆ ಆ ಲಿಂಗಾನ ಇದೇ ಎಡಗೈಯಾಗಿಟ್ಟು ಮಣ್ಣು ಮುಚ್ತಾರೆ. ಅದುನ್ನ ನನ್ ಕೈಲಿ ನೋಡಾಕಾಗಕಿಲ್ಲ. ಅದಕ್ಕಿಂತ ನನ್ ಅಂಗೈಯಾಗೇ ಇರ್ಲಿ. ತಪ್ಪು ಅಂತಾದ್ರೆ ನಂಗೇ ಬರ್ಲಿ."

ಅವರು ಹೆಂಡತಿಯನ್ನು ನೋಡಿದರು. ಆಮೇಲೆ ಹೊದಿಕೆ ಸರಿಯಿತು; ಎಡಗೈ ಅಂಗಾತ ಹೊರಗೆ ಬಂತು.

ಡಾಕ್ಟರ್ ಚನ್ನಬಸವಯ್ಯನವರನ್ನು ಒಳಗೆ ಕರೆದುಕೊಂಡು ಹೋಗಿ, ಆ ಕೈಯನ್ನು ಹೊಟ್ಟೆಯ ಮೇಲೆ ಅಡ್ಡ ಮಲಗಿಸಿ, ನಾಡಿಗೆ ಬೆರಳಿಟ್ಟು, ಸೂಜಿ ಚುಚ್ಚಿದರು. ನಾಳ ಸಿಕ್ಕಿತು. ಹೊರಗೆ ಬಂದು ಮಾಸ್ಕ್ ಇಳಿಸಿ, "ತೆರ್ಕಂತು ಅಮ್ಮಾ," ಎಂದಾಗ ರೇವಮ್ಮ ಸೆರಗಿನಲ್ಲಿ ತಮ್ಮ ಎರಡೂ ಅಂಗೈ ಒರೆಸಿಕೊಂಡರು.

ಬೆಳಗ್ಗೆ ಚನ್ನಬಸವಯ್ಯನವರ ಎಡ ಮಣಿಕಟ್ಟಿಗೆ ಪಟ್ಟಿ ಇತ್ತು, ಬೆರಳು ಬೆಚ್ಚಗಿದ್ದವು. ನರ್ಸು ತಂದ ನೀರನ್ನು ಅವರು ಮುಟ್ಟಲಿಲ್ಲ. ರೇವಮ್ಮ ಸ್ನಾನ ಮಾಡಿ, ತಮ್ಮ ಪೂಜೆ ಮುಗಿಸಿ, ಸ್ಟೂಲಿನ ಮೇಲೆ ಕೂತು ಎಡ ಅಂಗೈ ಚಾಚಿದರು. ಚನ್ನಬಸವಯ್ಯನವರ ತಲೆಯ ಬಟ್ಟೆಯ ಗಂಟು ಬಲಗೈ ಒಂದಕ್ಕೇ ಸುಲಭವಾಗಿ ಬಿಚ್ಚಲಿಲ್ಲ. ಬಿಚ್ಚಲು ಬಂದ ಮಗನನ್ನು ಕಣ್ಣಿನಲ್ಲೇ ತಡೆದು, ತಾವೇ ಬಿಚ್ಚಿದರು. ಲಿಂಗ ಬೆರಳ ತುದಿಯಲ್ಲಿ ಬಹಳ ಹೊತ್ತು ನಿಂತಿತು. ಕೊನೆಗೆ ರೇವಮ್ಮನ ಅಂಗೈಗೆ ಇಳಿಯಿತು.

ಇಷ್ಟು ವರ್ಷ ಲಿಂಗದ ಸುತ್ತ ತಮ್ಮದೇ ಕೈರೇಖೆ ನೋಡಿದ್ದವರು. ಈಗ ಅಲ್ಲಿ ಒಲೆ ಸುಟ್ಟ ಕಲೆಯಿತ್ತು, ಈಳಿಗೆ ತಗುಲಿದ ಗೀರಿತ್ತು. ವಿಭೂತಿ ಹಿಡಿದ ಅವರ ಬಲಗೈ ಅರ್ಧದಲ್ಲೇ ನಿಂತಿತು.

"ಗಟ್ಟಿಯಾಗಿ ಇಡ್ಕೊ," ಎಂದರು.

"ಇಡ್ಕಂಡಿವ್ನಿ. ಕಣ್ಣೀರಾಗೆ ಅಭಿಷೇಕ ಬ್ಯಾಡ, ತಂಬಿಗೇಲಿ ನೀರೈತೆ."