ರೆಸ್ಯೂಮ್ ಕಳಿಸಿ, ನೋಡೋಣ

ಅಮೆರಿಕದ ಉಪಾಧ್ಯಕ್ಷ ಪದವಿಗೆ ನಿಂತ ಮೊಟ್ಟಮೊದಲ ಮೈಸೂರಿಗ ನಾನು, ಮೋಹನರಾಜ. ಅಪ್ಪ ಆಸ್ಟಿನ್ನಿನಲ್ಲಿ ಪಿಎಚ್‌ಡಿ ಮಾಡುವಾಗ ಅಲ್ಲೇ ಹುಟ್ಟಿದವನು. ನನ್ನ ಮೊದಲ ಅಳು ಕೇಳಿ ಆಸ್ಪತ್ರೆಯ ನರ್ಸುಗಳೆಲ್ಲ ಚಪ್ಪಾಳೆ ತಟ್ಟಿದರಂತೆ. ಯಾರು ಹೇಳಿದರು ಎಂದು ಕೇಳಬೇಡಿ. ಆಮೇಲೆ ಮೈಸೂರಿನಲ್ಲಿ ಬೆಳೆದು, ಮತ್ತೆ ಟೆಕ್ಸಸ್‌ಗೆ ಬಂದು, ಹ್ಯೂಸ್ಟನ್ನಿನಲ್ಲಿ ಮನೆ ಮಾರುವ ದಲ್ಲಾಳಿಯಾದೆ. ಪಕ್ಕದ ಫುಲ್‌ಶೀರ್‌ನ ಅರ್ಧ ಊರನ್ನು ಮಾರಿದವನು ನಾನೇ. ಉಳಿದರ್ಧ ಈ ವರ್ಷ ಕೊಳ್ಳುವವರಿಲ್ಲದೆ ಹಾಗೇ ನಿಂತಿದೆ.

ನಮ್ಮ ಪಕ್ಷದ ಹೆಸರು ಈಕ್ವಲ್ ಟೇಬಲ್ ಪಾರ್ಟಿ. ಅಧ್ಯಕ್ಷ ಪದವಿಗೆ ನಿಂತವರು ಆಸ್ಟಿನ್ನಿನಲ್ಲಿ ಜೇನು ಸಾಕುವ ಒಬ್ಬ ಮುದುಕರು. ಅವರ ಜೊತೆ ಉಪಾಧ್ಯಕ್ಷ ಪದವಿಗೆ ನಿಂತಿದ್ದವನು ಕೆಲಸ ಹುಡುಕಿಕೊಂಡು ಬೇರೆ ರಾಜ್ಯಕ್ಕೆ ಹೋದ. ಆ ಜಾಗಕ್ಕೆ, ಕಾನೂನಿನ ಪ್ರಕಾರ, ಅಮೆರಿಕದಲ್ಲೇ ಹುಟ್ಟಿದವನೊಬ್ಬ ತುರ್ತಾಗಿ ಬೇಕಿತ್ತು. ಇಡೀ ದೇಶ ಜಾಲಾಡಿ ನನ್ನನ್ನು ಆರಿಸಿದರು.

"ಉಪಾಧ್ಯಕ್ಷರೇ, ಮೊದಲು ಕಸದ ಡಬ್ಬ ಹೊರಗಿಟ್ಟು ಬನ್ನಿ. ದೇಶ ಆಮೇಲೆ," ಎಂದಳು ಹೆಂಡತಿ ಶಕುಂತಲಾ.

ಡಾಲಸ್‌ನಲ್ಲಿ ಗೆಳೆಯ ಶ್ರೀಕರನ ಮನೆಯ ಪಾಟ್‌ಲಕ್‌ಗೆ, ಅಂದರೆ ಎಲ್ಲರೂ ಒಂದೊಂದು ಅಡುಗೆ ತಂದು ಉಣ್ಣುವ ಕೂಟಕ್ಕೆ, ಶಕುಂತಲಾ ಜೊತೆ ಹೋಗಿದ್ದೆ. ಪುಳಿಯೋಗರೆ ತಂದವರಿಗಿಂತ ಕೆಲಸ ಕಳೆದುಕೊಂಡು ಬಂದವರೇ ಹೆಚ್ಚು. ಅಷ್ಟು ಬಾಡಿದ ಮುಖಗಳನ್ನು ನೋಡಿ ಸುಮ್ಮನಿರಲು ನಾನೇನು ಕಲ್ಲೇ? "ನಮ್ಮ ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್‌ನ ಎನರ್ಜಿ ಕಂಪನಿ ಬಾಸ್‌ಗಳೆಲ್ಲ ನನ್ನ ಫೋನ್ ಬಂದ್ರೆ ಎದ್ದು ನಿಂತು ಮಾತಾಡ್ತಾರೆ. ರೆಸ್ಯೂಮ್ ಕಳಿಸಿ, ನೋಡೋಣ," ಎಂದುಬಿಟ್ಟೆ.

ನಮ್ಮವರಲ್ಲಿ ಇದು "ಒಂದ್ಸಲ ಮನೆ ಕಡೆ ಬನ್ನಿ" ಎನ್ನುವಂಥ ಮಾತು. ಹೇಳಿದವನೂ ಮರೆಯುತ್ತಾನೆ, ಕೇಳಿದವನೂ ಮರೆಯುತ್ತಾನೆ, ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಅವತ್ತು ಅಲ್ಲಿದ್ದವರಲ್ಲಿ ಮರೆಯದವನು ಸಿದ್ಧಾರೂಢ. ಹುಬ್ಬಳ್ಳಿ ಕಡೆಯ ಸಾಫ್ಟ್‌ವೇರ್ ಇಂಜಿನಿಯರ್. ಬೇಗ ಇನ್ನೊಂದು ಕೆಲಸ ಹಿಡಿಯದಿದ್ದರೆ ವೀಸಾ ಮುಗಿದು, ಹೆಂಡತಿ ಮಗಳ ಸಮೇತ ದೇಶ ಬಿಡಬೇಕಿತ್ತು.

ಮರುವಾರ ಅವನ ಫೋನು ಬಂತು. "ಸರ್, ಹ್ಯೂಸ್ಟನ್‌ದಾಗ ಒಂದು ಸಣ್ಣ ಕಂಪನಿಯವರು ಕರದಾರ್ರೀ. ಪಗಾರ ಭಾಳ ಕಡಿಮಿ. ಹೂಂ ಅನ್ನಲೋ, ನಿಮ್ಮ ವುಡ್‌ಲ್ಯಾಂಡ್ಸ್‌ಗೆ ಕಾಯಲೋ?"

"ಸಿಂಹಾಸನ ರೆಡಿ ಆಗ್ತಿರೋವಾಗ ಮಣೆ ಯಾಕ್ರೀ? ಬೇಡ ಅನ್ನಿ!"

ಹತ್ತು ನಿಮಿಷದಲ್ಲಿ ಮತ್ತೆ ಫೋನು. "ಬ್ಯಾಡ ಅಂದ್ಬಿಟ್ಟೆ, ಸರ್. ಮನಸ್ಸು ಬದಲಾದ್ರ ನಾಳಿ ಸಂಜಿ ತನಕ ಹೇಳ್ರಿ ಅಂದಾರ. ನನಗ ಚಿಂತಿಲ್ಲ, ನೀವಿದ್ದೀರಲ್ಲ."

ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡ ಶಕುಂತಲಾ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. "ಯಾವ ಬಾಸ್ ರೀ? ವುಡ್‌ಲ್ಯಾಂಡ್ಸ್‌ನಲ್ಲಿ ನಿಮಗೆ ಗೊತ್ತಿರೋದು ಒಂದು ದೋಸೆ ಹೋಟೆಲು. ಈಗಲೇ ಫೋನ್ ಮಾಡಿ ನಿಜ ಹೇಳಿ."

"ನಾಳೆ ಆಸ್ಟಿನ್ನಲ್ಲಿ ಭಾಷಣ ಇದೆ. ಅದು ಮುಗಿದ ತಕ್ಷಣ ಮಾಡ್ತೀನಿ."

ಆಸ್ಟಿನ್ನಿನ ಪಾರ್ಕಿನಲ್ಲಿ ಹತ್ತು ಸಾವಿರ ಜನ. ಶಕುಂತಲಾ ಜೊತೆಗಿದ್ದಿದ್ದರೆ ನಾಯಿಗಳನ್ನು ಕಳೆದು ಮೂವತ್ತು ಎನ್ನುತ್ತಿದ್ದಳು. ನಾನು ಮಾತಾಡಬೇಕಾದ ವಿಷಯ ನಿರುದ್ಯೋಗ. "ದುಡಿಯುವ ಕೈಯ ಅನ್ನ ಕಸಿಯುವವರನ್ನು ದೇಶ ಕ್ಷಮಿಸೋದಿಲ್ಲ!" ಎಂದು ಗುಡುಗಿದೆ. ಜೇಬಿನಲ್ಲಿದ್ದ ಫೋನು ತೊಡೆಗೆ ಕೆಂಡದಂತೆ ತಾಗುತ್ತಿತ್ತು. ಭಾಷಣ ಮುಗಿದಾಗ ಇನ್ನೂ ಬಿಸಿಲಿತ್ತು. ಜೇನಿನ ಮುದುಕರು ಬೆನ್ನು ತಟ್ಟಿದರು, ಯಾರೋ ಫೋಟೋ ಕೇಳಿದರು. ಸಿದ್ಧಾರೂಢನ ನಂಬರು ತೆಗೆದೆ. "ನನಗೆ ಯಾರೂ ಗೊತ್ತಿಲ್ಲ" ಎಂಬ ಮಾತು ಉಪಾಧ್ಯಕ್ಷನ ಬಾಯಿಗೆ ಬರುವುದು ಹೇಗೆ? ಇನ್ನೊಂದು ಫೋಟೋಗೆ ನಿಂತೆ. ಬಿಸಿಲು ಇಳಿಯಿತು.

ಮರುದಿನ ಬೆಳಿಗ್ಗೆ ಡಾಲಸ್‌ಗೆ ಡ್ರೈವ್ ಮಾಡಿದೆ. ಸಿದ್ಧಾರೂಢನ ಅಪಾರ್ಟ್‌ಮೆಂಟಿನ ಕಿಟಕಿಗೆ ನನ್ನ ಹೆಸರಿನ ಚುನಾವಣೆ ಬೋರ್ಡು ಅಂಟಿಸಿದ್ದರು. ಅವನ ಮಗಳು ಸಿಯಾ ಸುತ್ತ ಬಣ್ಣದ ನಕ್ಷತ್ರ ಬರೆದಿದ್ದಳು. ಸಿದ್ಧಾರೂಢ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. "ಇಂಟರ್‌ವ್ಯೂಗೆ ನೀವೇ ಕರ್ಕೊಂಡ್ಹೋಗಾಕ ಬಂದ್ರೇನ್ರೀ?"

"ಇಲ್ಲ. ಅಲ್ಲಿ ನನಗೆ ಯಾರೂ ಗೊತ್ತಿಲ್ಲ. ಸುಮ್ನೆ ಹೇಳಿದ್ದೆ."

ಅವನು ಬೈಯಲಿಲ್ಲ. ಅಲ್ಲೇ ನಿಂತು ಆ ಸಣ್ಣ ಕಂಪನಿಗೆ ಫೋನ್ ಮಾಡಿದ. ನಿನ್ನೆ ಸಂಜೆಯವರೆಗೆ ಕಾದೆವು, ಇವತ್ತು ಬೆಳಿಗ್ಗೆ ಬೇರೆಯವರಿಗೆ ಕೊಟ್ಟೆವು ಎಂದರು. ಥ್ಯಾಂಕ್ಸ್ ಹೇಳಿ ಫೋನ್ ಇಟ್ಟ.

"ನಿನ್ನಿ ಹೇಳಿದ್ರ ಆಗ್ತಿತ್ರಿ," ಎಂದ. ಆಮೇಲೆ ನಕ್ಕಂತೆ ಮಾಡಿ ಹೇಳಿದ: "ನೋಡ್ರಿ ಸರ್, ಈ ದೇಶದಾಗ ನನಗ ಓಟೂ ಇಲ್ಲ. ಆದ್ರೂ ಖರೇನ ನಿಮ್ಮನ್ನ ನಂಬಿದಾಂವ ನಾ ಒಬ್ಬನ ಇರಬೇಕು."

ಅವನ ಹೆಂಡತಿ ಗೀತಾ ತಟ್ಟೆ ತಂದಿಟ್ಟಳು. "ದೂರದಿಂದ ಬಂದೀರಿ, ಉಂಡು ಹೋಗ್ರಿ." ರೊಟ್ಟಿಯನ್ನು ನೀರು ಕುಡಿದು ಕುಡಿದು ನುಂಗಿದೆ.

ಹೊರಡುವಾಗ ಸಿದ್ಧಾರೂಢ ಕಾರಿನವರೆಗೂ ಬಂದ. ಅವನ ಮುಖ ನೋಡಿದ್ದೇ ತಡ, ನಾಲಿಗೆ ತಾನಾಗಿ ಎದ್ದಿತು: "ನಿಮ್ಮ ರೆಸ್ಯೂಮ್..."

"ಏನ್ರೀ ಸರ್?"

"ಏನಿಲ್ಲ," ಎಂದೆ.