ಮುದ್ದೆ ಆರುವ ತನಕ

ಮಾರಮ್ಮ ಸತ್ತ ದಿನವೂ ಅವಳ ಮಗ ಶಾಂತರಾಜು ಅಳಲಿಲ್ಲ, ತಿಥಿಯ ದಿನವೂ ಅಳಲಿಲ್ಲ. ದಂಡಿಗನಹಳ್ಳಿಯ ಬಾಯಿಗೆ ಇಷ್ಟು ಸಾಕಲ್ಲ! ಹಾಸನದ ಡಿಪೋದಲ್ಲಿ ಬಸ್ಸಿನ ಟೈರು ಬಿಚ್ಚಿ ಬಿಚ್ಚಿ ಇವನ ಎದೆಯೂ ರಬ್ಬರಾಗಿದೆ ಅಂದರು. ಶಾಂತರಾಜುವಿಗೆ ಬೇಜಾರೇನೂ ಆಗಲಿಲ್ಲ. ಅಳು ಬಂದಿರಲಿಲ್ಲ, ಅಷ್ಟೇ. ಬರದೇ ಇದ್ದದ್ದನ್ನು ಎಲ್ಲಿಂದ ತರುವುದು?

ಹೆಂಡತಿ ರಂಜಿನಿ ಮಾತ್ರ ಆಡಿಕೊಳ್ಳಲಿಲ್ಲ. ಅವಳಿಗೆ ಭಯವಾಗಿತ್ತು. ತಿಥಿಯ ಬೆಳಿಗ್ಗೆ ಒಲೆಯ ಮುಂದೆ ಕೂತು ಮೆಲ್ಲಗೆ ಕೇಳಿದ್ದಳು, "ನಾಳೆ ನಾನ್ ಸತ್ರೂ ನೀವು ಇಂಗೇ ನಿಂತಿರ್ತೀರಾ?"

"ಗೊತ್ತಿಲ್ಲ ಕಣೇ," ಅಂದಿದ್ದ. ಒಂದು ಸುಳ್ಳು ಹೇಳಿದ್ದರೆ ಅವನಪ್ಪನ ಗಂಟೇನು ಹೋಗುತ್ತಿತ್ತು? ರಂಜಿನಿ ಆಗಲೇ ಬ್ಯಾಗು ತುಂಬಿಟ್ಟಳು. ತಿಥಿ ಮುಗಿದರೆ ಅರಕಲಗೂಡಿನ ಬಸ್ಸು ಹತ್ತಿ ತವರಿಗೆ ಹೋಗುವುದು, ಮತ್ತೆ ಬರುವುದಿಲ್ಲ ಎಂದಳು.

ಹಿತ್ತಿಲ ಚಪ್ಪಡಿಯ ಮೇಲೆ ಎಡೆ ಇಟ್ಟರು. ಮುದ್ದೆ, ಬಾಡಿನ ಸಾರು, ಮಾರಮ್ಮನಿಗೆ ಪ್ರಾಣವಾಗಿದ್ದ ಎಲೆಯಡಿಕೆ, ಹೊಗೆಸೊಪ್ಪು. ಕಾಗೆ ಮುಟ್ಟುವ ತನಕ ಮನೆಯಲ್ಲಿ ಯಾರೂ ಉಣ್ಣುವ ಹಾಗಿಲ್ಲ. ಕಾಗೆಯೇನೋ ಬಂತು, ಬೇಲಿಯ ಮೇಲೆ ಕೂತಿತು. ಕೆಳಗೆ ಮಾತ್ರ ಇಳಿಯಲೊಲ್ಲದು.

ಸೋದರಮಾವ ನಂಜಯ್ಯನಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. "ಲೇ ಶಾಂತ, ನೀನ್ ಅಳ್ನಿಲ್ಲ ಅಂತ ಅಕ್ಕ ಮುನಿಸ್ಕಂಡವ್ಳೆ ಕಣ್ಲಾ. ಒಂದ್ ತೊಟ್ಟು ಕಣ್ಣೀರಾಕ್ಬುಡು, ಎಲ್ರೂ ಉಣ್ಣಾನ!"

"ಮುದ್ದೆ ಬಿಸಿ ಐತೆ ಮಾವ. ಆರ್ಲಿ, ಬತ್ತದೆ."

ಮುದ್ದೆ ಆರಿತು. ಕಾಗೆ ಇಳಿದು ಕೊಕ್ಕು ಹಾಕಿತು. "ಅಕ್ಕ ಒಪ್ಕಂಡ್ಲು!" ಎಂದು ನಂಜಯ್ಯ ಕೈಮುಗಿದ. ಜನ ಗಡಿಬಿಡಿಯಲ್ಲಿ ಎಲೆಯ ಮುಂದೆ ಕೂತರು, ಶಾಂತರಾಜುವೂ ಕೂತ.

ರಂಜಿನಿ ಬ್ಯಾಗು ಹೆಗಲಿಗೇರಿಸಿ ಹೊಸ್ತಿಲಲ್ಲಿ ನಿಂತಳು. "ನಾನ್ ಓಯ್ತೀನಿ."

"ಹ್ಞೂಂ," ಅಂದ ಶಾಂತರಾಜು. ಮುದ್ದೆ ಮುರಿದು, ಸಾರಿಗೆ ಅದ್ದಿ ನುಂಗಿದ. ಸಪ್ಪೆ. ಅಡುಗೆಮನೆಯ ಕಡೆ ಕತ್ತು ಕೂಡ ತಿರುಗಿಸದೆ ಕೂಗಿದ, "ಅವ್ವಾ, ಉಪ್ಪು ತಕಬಾ."

ಪಂಕ್ತಿಯಲ್ಲಿ ಎಲ್ಲರ ಕೈ ನಿಂತುಹೋಯಿತು. ಅವನು ಎಲೆ ನೋಡುತ್ತಾ ಕಾದ. ನಂಜಯ್ಯ ಎಂಜಲು ಕೈಯಲ್ಲೇ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತ. ರಂಜಿನಿ ಬ್ಯಾಗು ಕೆಳಗಿಟ್ಟು ಒಳಗೆ ಹೋದಳು, ಉಪ್ಪಿನ ಡಬ್ಬಿ ತಂದು ಗಂಡನ ಎಲೆಯ ತುದಿಗೆ ಬಡಿಸಿದಳು.

ಇವರಿಗೆಲ್ಲ ಇದ್ದಕ್ಕಿದ್ದ ಹಾಗೆ ಏನಾಯಿತು ಎಂದು ಶಾಂತರಾಜುವಿಗೆ ತಿಳಿಯಲಿಲ್ಲ. ಉಪ್ಪು ಕಲಸಿಕೊಂಡು ಇನ್ನೊಂದು ತುತ್ತು ನುಂಗಿದ. ಸಾರು ಇನ್ನೂ ಸಪ್ಪೆಯಾಗಿಯೇ ಇತ್ತು.