ಆರತಿ ಹಿಡಿದವಳು

ಇಲ್ಲೂ ಅವಳೇ, ಹಿಟ್ಟಿನ ಗಿರಣಿ ದಾಟಿ ಓಣಿಯೊಳಗೆ ಕಾಲಿಡುತ್ತಲೇ ಎಡಗಡೆಯ ಬಾಗಿಲ ಪಕ್ಕ ಅವಳೇ, ಹಸಿರು ಸೀರೆ, ಕೈಯಲ್ಲಿ ಆರತಿ ತಟ್ಟೆ, ತುಸು ಬಾಗಿದ ಕುತ್ತಿಗೆ, ಕೆಳತುಟಿಯ ಕೆಳಗೆ ಬಲಕ್ಕೆ ಸಾಸಿವೆ ಕಾಳಿನಷ್ಟು ಕರಿ ಮಚ್ಚೆ — ನಿನ್ನೆ ನೀರಿನ ಟಾಕಿಯ ಓಣಿಯಲ್ಲಿ ಕೆಂಪು ಉಟ್ಟಿದ್ದಳು, ಮೊನ್ನೆ ಹಳೇ ಅಂಚೆ ಕಚೇರಿಯ ಹಿಂದೆ ಹಳದಿ, ಸೀರೆ ಬದಲಾಗುತ್ತದೆ, ಮಚ್ಚೆ ಮಾತ್ರ ಜಪ್ಪಯ್ಯ ಅಂದರೂ ಜಾಗ ಬಿಡುವುದಿಲ್ಲ, ರೇವವ್ವ ನಿಂತುಬಿಟ್ಟಳು, ನಿಲ್ಲಬಾರದು, ಸಕ್ಕರಿ ಜಾಸ್ತಿ ಆಗೇತಿ, ದಿನಾ ಮುಂಜಾನೆ ಬೆವರು ಬರೂತನಕ ನಡೀರಿ ಅಂತ ಡಾಕ್ಟರಮ್ಮ ಹೇಳಿದ್ದಾಳೆ, ಬೆವರೇನೋ ಬರುತ್ತಿದೆ, ನಡೆದದ್ದಕ್ಕಲ್ಲ, ಹೊಟ್ಟೆಯೊಳಗೆ ಯಾರೋ ಖಾರ ಕಲಸಿ ಬಿಟ್ಟ ಹಾಗೆ ಉರಿಯುತ್ತದೆ, ಇದಕ್ಕೆ ಯಾವ ಗುಳಿಗೆ ಇದೆಯಂತ ಆ ಡಾಕ್ಟರಮ್ಮನನ್ನೇ ಕೇಳಬೇಕು. ಬರೆದವನು ಯಾರೆಂದು ಕೇಳುವುದೇ ಬೇಡ, ಬಾಗೇವಾಡಿ ಪ್ಯಾಟಿಯಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಮದುವೆ ಗೋಡೆ ಬರೆಯುವವನು ಇನ್ನು ಒಬ್ಬನೇ ಉಳಿದಿದ್ದಾನೆ, ಪೇಂಟರ್ ಪರಸಪ್ಪ, ಅವಳ ಗಂಡ, ಮದುವೆ ಗೊತ್ತಾದ ಮನೆಯವರು ಮುಂದಿನ ಗೋಡೆಗೆ ಸುಣ್ಣ ಬಳಿದು ಅವನನ್ನು ಕರೆಸುತ್ತಾರೆ, ಅವನು ಎದುರುಬದುರು ಆನೆ ಬರೆಯುತ್ತಾನೆ, ಬಾಳೆಗಿಡ, ಗಿಳಿ, ಮದುಮಕ್ಕಳ ಹೆಸರು, ಕೊನೆಗೆ ಬಾಗಿಲ ಪಕ್ಕ ಬೀಗರನ್ನು ಎದುರುಗೊಳ್ಳುವ ಆರತಿಯವಳು, ಮದುವೆ ಮುಗಿದರೂ ಗೋಡೆ ಅಳಿಸುವುದಿಲ್ಲ, ಮಳೆಗೆ ಬಿಸಿಲಿಗೆ ತಾನಾಗಿ ಹೋಗುವತನಕ ಇರುತ್ತದೆ, ಮದುವೆಯಾದ ಹುಡುಗಿಗೆ ಮಕ್ಕಳಾಗಿ ಅವು ಸಾಲಿಗೆ ಹೋಗಲು ಹತ್ತಿದರೂ ಗೋಡೆಯ ಮೇಲೆ ಇವಳು ಹಾಗೇ ಹದಿನೆಂಟರ ಹುಡುಗಿಯಂತೆ ನಗುತ್ತ ನಿಂತಿರುತ್ತಾಳೆ, ಹಡಬಿಟ್ಟಿ.

ಇಷ್ಟು ವರ್ಷ ಗೊತ್ತೇ ಆಗಲಿಲ್ಲವಲ್ಲ, ಮನೆ, ಗಿರಣಿ, ಸೋಮವಾರದ ಸಂತೆ, ಇಷ್ಟೇ ಅವಳ ಊರು, ಎಲ್ಲೋ ಒಂದೆರಡು ಗೋಡೆ ನೋಡಿದ್ದಳು, ನೋಡಿ ಹೆಮ್ಮೆಪಟ್ಟಿದ್ದಳು ಕೂಡ, ನಿನ್ನ ಗಂಡನ ಕೈ ಅಂದ್ರ ಕೈ ಬಿಡವಾ, ಆ ಆರತ್ಯಾಕಿ ಮಾರಿ ಮ್ಯಾಲಿನ ಕಳಿ ನೋಡು ಅಂತ ಹೆಂಗಸರು ಅಂದಾಗ ಸೆರಗು ಸರಿಮಾಡಿಕೊಂಡು ನಕ್ಕಿದ್ದಳು, ದಡ್ಡಿ. ಸಕ್ಕರೆ ಕಾಯಿಲೆ ಬಂದು ನಡೆಯಲು ಹತ್ತಿದ ಮೇಲೆ ತಾನೇ ಈ ಓಣಿ ಆ ಓಣಿ ಅಂತ ಹೊಕ್ಕಿದ್ದು, ಮೊದಮೊದಲು ಜಾತ್ರೆಗೆ ಬಂದವಳಂತೆ ಖುಷಿಯಿತ್ತು, ಇದು ನಮ್ಮವರದು, ಇದೂ ನಮ್ಮವರದೇ, ಬಣ್ಣ ಮಾಸಿದ ಆನೆಗಳಿಗೂ ನಮಸ್ಕಾರ ಹೇಳುತ್ತ ನಡೆದಿದ್ದಳು, ಯಾವ ಓಣಿಯಲ್ಲೋ ಏನೋ, ತಟ್ಟನೆ ಕಂಡಿತು ಮಚ್ಚೆ, ಹಿಂದಿನ ಗೋಡೆಯಲ್ಲೂ ಇತ್ತಲ್ಲ ಅನ್ನಿಸಿತು, ತಿರುಗಿ ಹೋಗಿ ನೋಡಿದಳು, ಇತ್ತು, ಅದರ ಹಿಂದಿನದರಲ್ಲೂ ಇತ್ತು. ಅಂದಿನಿಂದ ನಡಿಗೆಯೋ, ಬೇಟೆಯೋ. ಹೆಂಗಸರ ಗದ್ದ ನೋಡುವುದೇ ಕೆಲಸ, ನಳದ ಹತ್ತಿರ, ಸಂಘದ ಸಭೆಯಲ್ಲಿ, ಬಸ್ಸಿನಲ್ಲಿ, ಮಾತಾಡಿದವರ ಕಣ್ಣು ನೋಡದೆ ತುಟಿಯ ಕೆಳಗೇ ನೋಡುತ್ತಾಳೆ, ಬಳೆ ಮಾರುವ ಪೀರಬಿಗೆ ಮಚ್ಚೆ ಇದೆ ಅಂತ ಗೊತ್ತಾಗಿ ಬೇಡದ ಬಳೆ ಕೊಂಡು ಕೈ ಕೊಟ್ಟು ಕೂತು ಬಗ್ಗಿ ಬಗ್ಗಿ ನೋಡಿದರೆ ಅದು ಎಡಗಡೆ, ಅದರ ಮೇಲೊಂದು ಕೂದಲು ಬೇರೆ, ಏನ್ ನೋಡಾಕತ್ತಿ ಅಕ್ಕಾ, ಬಾಯಿಗೆ ಏನರ ಹತ್ತೇತೇನು ಅಂತ ಪೀರಬಿ ಬಾಯಿ ಒರೆಸಿಕೊಂಡಳು ಪಾಪ. ಹಾಗಾದರೆ ಈ ಗೋಡೆಯವಳು ಮಸೂತಿ ಹಳ್ಳಿಯವಳೇ ಇರಬೇಕು, ಮಸೂತ್ಯಾಗ ಗ್ವಾಡಿ ಕೆಲಸ ಐತಿ, ಬಣ್ಣ ಹಸಿ ಇರ್ತೈತಿ, ಇವತ್ತ ಅಲ್ಲೇ ವಸ್ತಿ ಮಾಡ್ತೇನಿ ಅನ್ನುತ್ತಾನಲ್ಲ, ಬಣ್ಣ ಹಸಿ ಇದ್ದರೆ ಇವನು ಅಲ್ಲಿ ಮಲಗಿ ಊದಿ ಒಣಗಿಸುತ್ತಾನೋ, ಇಲ್ಲ ಮುಳವಾಡದವಳೋ, ಅಲ್ಲಿಂದ ಬಂದ ದಿನ ಹಾಡು ಗುನುಗುತ್ತಿದ್ದ, ಹಾಡು ಬಾರದವನು. ಒಂದು ಮುಂಜಾನೆ ಯಾರೂ ಇಲ್ಲದ್ದನ್ನು ನೋಡಿ ಸೆರಗಿನ ಪಿನ್ನು ಬಿಚ್ಚಿ ಒಂದು ಗೋಡೆಯ ಮೇಲಿನ ಆ ಮಚ್ಚೆಯನ್ನು ಕೆರೆದಳು, ಎಣ್ಣೆ ಬಣ್ಣ, ಬರುವುದಿಲ್ಲ, ಪಿನ್ನು ಸೊಟ್ಟಗಾಯಿತು, ಒಳಗಿಂದ ಯಾರೋ ಕೆಮ್ಮಿದರು, ಮದುಮಕ್ಕಳ ಹೆಸರು ಓದುವವಳಂತೆ ತುಟಿ ಆಡಿಸುತ್ತ ಅಲ್ಲಿಂದ ಕಾಲ್ಕಿತ್ತಳು. ಥೂ, ಮದುವೆಗೆ ಬಂದ ಮಗಳಿರುವ ಹೆಂಗಸು ಗೋಡೆಯ ಜೊತೆ ಜಗಳಕ್ಕೆ ಬಿದ್ದಿದ್ದಾಳೆ ಅಂದರೆ ನಕ್ಕಾರು, ನಗಲಿ, ಅವರ ಗಂಡಂದಿರು ಊರಿನ ಗೋಡೆಗೆಲ್ಲ ಇನ್ನೊಬ್ಬಳ ಮುಖ ಬರೆದಿಲ್ಲವಲ್ಲ.

ಇವತ್ತು ಬೇಗ ಮನೆ ಸೇರಬೇಕು, ಇವತ್ತು ನಮ್ಮ ಗೋಡೆ — ಮಗಳು ಭಾಗ್ಯಾಳ ಮದುವೆ, ಇಂಡಿ ಊರಿನ ಹುಡುಗ, ಲಿಂಬೆ ತೋಟದವರು, ಬೀಗರು ಬರುವ ಮೊದಲು ಗೋಡೆ ಆಗಬೇಕು, ನಿನ್ನೆಯೇ ಸುಣ್ಣ ಒಣಗಿದೆ, ಪರಸಪ್ಪ ದಾರಕ್ಕೆ ಬಣ್ಣ ಸವರಿ ಗೆರೆ ಹೊಡೆದಿಟ್ಟಿದ್ದಾನೆ, ನಸುಕಿನ್ಯಾಗ ಸುರು ಮಾಡ್ತೇನಿ, ಮಗಳ ಮದಿವಿ, ಇಡೀ ಬಾಗೇವಾಡಿ ನೋಡಬೇಕು ಹಂಗ ಬರೀತೇನಿ ಅಂದ, ಬರಿ, ಆನೆ ಬರಿ, ಗಿಳಿ ಬರಿ, ಆದರೆ ಅವಳನ್ನು ಮಾತ್ರ ನನ್ನ ಹೊಸ್ತಿಲ ಹತ್ತಿರ ನಿಲ್ಲಿಸಬೇಡ, ನನ್ನ ಮಗಳ ಬೀಗರನ್ನು ಆರತಿ ಹಿಡಿದು ಕರೆಯಬೇಕಾದವಳು ನಾನು, ಹೆತ್ತವಳು, ಅವಳಲ್ಲ, ಅಂತ ಬಾಯಿಬಿಟ್ಟು ಹೇಳಬೇಕು, ಹೇಳುವ ಮೊದಲು ಅವಳು ಯಾರೆಂದು ಗೊತ್ತಾಗಬೇಕು, ಹೆಸರಿಲ್ಲದವಳ ಮೇಲೆ ಹೇಗೆ ಜಗಳ ತೆಗೆಯುವುದು. ಬಾವಿಯ ಓಣಿ ಒಂದೇ ಉಳಿದಿತ್ತು, ಹೊಕ್ಕಳು, ಮುದುಕಿ ಗುಂಡವ್ವನ ಮನೆ, ಬಾಗಿಲ ಪಕ್ಕ ಮತ್ತೆ ಅವಳು, ಆದರೆ ಎಷ್ಟು ಹಳೆಯವಳು, ಸುತ್ತ ಹೊಸ ಸುಣ್ಣ, ಅವಳನ್ನೂ ಮದುಮಗಳ ಹೆಸರನ್ನೂ ಬಿಟ್ಟು ಸುತ್ತ ಬಳಿದಿದ್ದಾರೆ, ಮುಖದ ಅರ್ಧ ಬಣ್ಣ ಉದುರಿದೆ, ಮಚ್ಚೆ ಉದುರಿಲ್ಲ. ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದ ಗುಂಡವ್ವ ಮೊರ ಕೆಳಗಿಟ್ಟಳು, ಯಾಕ ತಂಗಿ, ಹಂಗ್ಯಾಕ ನಿಂತಿ, ಬಾ ಕುಂಡ್ರು, ಪರಸಪ್ಪನ ಹೇಣ್ತಿ ಅಲ್ಲ ನೀ? ರೇವವ್ವ ಕೂರಲಿಲ್ಲ, ಆಯಿ, ಇಕಿ ಯಾರ್ರಿ ಅಂದುಬಿಟ್ಟಳು, ಗೋಡೆಗೆ ಬೆರಳು ಮಾಡಿ. ಇಕೀನಾ, ಇಕಿ ಯಾರೂ ಅಲ್ಲವ್ವ, ನನ್ನ ಮಗಳ ಮದಿವ್ಯಾಗ ಸೋಮನಿಂಗ ಮಾಸ್ತರ ಬರದದ್ದು, ನಿನ್ನ ಗಂಡ ಇನ್ನಾ ಮೀಸಿ ಬಾರದಂವ, ಮಾಸ್ತರನ ಕೈಕೆಳಗ ಬಣ್ಣ ಕಲಸ್ತಿದ್ದ, ಮಾಸ್ತರಗ ದೇವರ ಕ್ಯಾಲೆಂಡರ ಒಂದ ಇತ್ತು ನೋಡು, ಅದರಾಗಿನ ಲಕ್ಷ್ಮಿ ಮಾರಿ ನೋಡಿ ಬರೀತಿದ್ದ. ಲಕ್ಷ್ಮಿಗೆ ಮಚ್ಚಿ ಎಲ್ಲೈತ್ರಿ ಆಯಿ? ಗುಂಡವ್ವ ಬೊಚ್ಚುಬಾಯಿ ತೆರೆದು ನಕ್ಕಳು, ಅದಾ, ಅದು ಮಚ್ಚಿ ಅಲ್ಲ ತಂಗಿ, ಹುಬ್ಬಿಗೆ ಕರೀ ಬಣ್ಣ ಹಚ್ಚೂ ಮುಂದ ಒಂದು ಹನಿ ಸಿಡೀತು, ಅಯ್ಯ ಮಾಸ್ತರ, ಮಾರಿ ಕೆಡಿಸಿದೆಲ್ಲೋ ಅಂದೆ, ಕೆಡಾಕೇನೈತಿ, ದೃಷ್ಟಿಬೊಟ್ಟು ಅನ್ನು, ಮದಿವಿ ಮನಿಗೆ ಚಲೋನ ಆತು ಅಂದ ಮುದುಕ, ಪರಸಪ್ಪ ಕಂಡದ್ದನ್ನ ಕಂಡಂಗ ಮಾರೀನೂ ಕಲತ, ಸಿಡಿದ ಹನೀನೂ ಕಲತ, ಮಾಸ್ತರ ಆಮ್ಯಾಲೆ ಯಾವ ಗ್ವಾಡಿಗೂ ಅದನ್ನ ಹಚ್ಚಲಿಲ್ಲ, ಇಂವಾ ಬಿಡಲೇ ಇಲ್ಲ, ಚಾ ಕುಡದ ಹೋಗು ಬಾ.

ಚಹಾ ಬೇಡವೆಂದು ಹೊರಟಳು, ನಗು ಬಂತು, ಬರಬೇಕಲ್ಲವೇ, ಸವತಿಯೇ ಇಲ್ಲ, ಮಸೂತಿಯಲ್ಲೂ ಇಲ್ಲ, ಮುಳವಾಡದಲ್ಲೂ ಇಲ್ಲ, ಸಿಡಿದ ಒಂದು ಹನಿ ಕರಿ ಬಣ್ಣದ ಮೇಲೆ ಇಷ್ಟು ದಿನ ಹಲ್ಲು ಕಡಿದದ್ದು, ಹಗುರಾಗಬೇಕು ಈಗ, ಗಿರಣಿಯ ಹತ್ತಿರ ಬರುವಷ್ಟರಲ್ಲಿ ಆಗಬಹುದು ಅಂದುಕೊಂಡಳು, ಗಿರಣಿ ಬಂತು, ಆಗಲಿಲ್ಲ, ಬದಲಿಗೆ ಉರಿ ಇನ್ನೂ ಒಂದು ಮೊಳ ಕೆಳಗಿಳಿಯಿತು. ಅವಳು ಯಾರೋ ಒಬ್ಬಳಾಗಿದ್ದರೆ ಹೋಗಿ ಜಡೆ ಹಿಡಿದು ಎಳೆಯಬಹುದಿತ್ತು, ನಿನ್ನಲ್ಲೇನಿದೆ ನನ್ನಲ್ಲಿಲ್ಲದ್ದು ಅಂತ ಕೇಳಬಹುದಿತ್ತು, ಮನಸ್ಸು ಕೊಟ್ಟಿದ್ದ, ಹೋಗಲಿ, ಗಂಡಸು ಅಂತ ಅತ್ತು ಸುಮ್ಮನಾಗಬಹುದಿತ್ತು, ಈಗ ಯಾರನ್ನು ಎಳೆಯುವುದು, ಒಂದು ಹನಿ ಬಣ್ಣ ಬಿದ್ದ ಜಾಗವನ್ನು ಇಷ್ಟು ವರ್ಷ ಕೂದಲೆಳೆ ತಪ್ಪದಂತೆ ನೆನಪಿಟ್ಟವನು ಇವನು, ನನ್ನ ಎಡ ಹುಬ್ಬು ನಡುವೆ ಕಡಿದಿದೆ, ಚಿಕ್ಕವಳಿದ್ದಾಗ ನಾಲತವಾಡದ ತವರಲ್ಲಿ ಒರಳಿನ ಮೇಲೆ ಬಿದ್ದದ್ದು, ಅಲ್ಲಿ ಕೂದಲು ಬೆಳೆಯುವುದಿಲ್ಲ, ಅದನ್ನು ಎಂದಾದರೂ ನೋಡಿದ್ದಾನಾ, ಕೇಳಿಲ್ಲ, ಮೂಗಿನ ಬೊಟ್ಟು ಹಿಟ್ಟಿನಲ್ಲೆಲ್ಲೋ ಕಳೆದು ಇಡೀ ಬೇಸಿಗೆ ಬರಿ ಮೂಗಿನಲ್ಲೇ ಎದುರು ಕೂತು ರೊಟ್ಟಿ ಬಡಿಸಿದೆ, ಖಾರ ಕಮ್ಮಿ ಆಗೇತಿ ಅಂದ, ಅಷ್ಟೇ, ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಮದ್ದಲ್ಲದಿದ್ದರೆ ಹೋಗಲಿ, ಗಿಡ ಇದೆ ಅಂತಲಾದರೂ ಗೊತ್ತಿರಬೇಡವೇ. ಊರಿನ ಗೋಡೆಗಳಲ್ಲಿ ಎಷ್ಟು ಸಲ ಹೆಂಗಸಿನ ಮುಖ ಬರೆದ, ಒಂದು ಸಲ, ಕೈತಪ್ಪಿಯಾದರೂ ಒಂದು ಸಲ, ನನ್ನ ಮೂಗೋ ನನ್ನ ಗದ್ದವೋ ಬರಬಾರದಿತ್ತೇ, ಕೈತಪ್ಪಿ ಬಿದ್ದದ್ದನ್ನು ಅಷ್ಟು ಜೋಪಾನ ಮಾಡಿದವನ ಕೈಯಿಂದ. ಇಲ್ಲದವಳ ಮೇಲಿನ ಹೊಟ್ಟೆಕಿಚ್ಚು ಇದ್ದವಳ ಮೇಲಿನದಕ್ಕಿಂತ ಜಾಸ್ತಿ ಸುಡುತ್ತದೆ ಅಂತ ಯಾರೂ ಹೇಳಿರಲಿಲ್ಲ, ಕಾಲು ತಾವೇ ಜೋರಾದವು, ಬೆವರು ಕುತ್ತಿಗೆಯಿಂದ ಇಳಿಯಿತು, ಡಾಕ್ಟರಮ್ಮ ನೋಡಿದ್ದರೆ ಶಭಾಷ್ ಅನ್ನುತ್ತಿದ್ದಳು.

ಮನೆ ಬಂತು, ಆನೆಗಳು ಆಗಿವೆ, ಸೊಂಡಿಲಲ್ಲಿ ಮಾಲೆ, ಬಾಳೆಗಿಡ ಹಸಿ ಹಸಿ ಹೊಳೆಯುತ್ತಿದೆ, ಚಿ. ಕುಂ. ಸೌ. ಭಾಗ್ಯಾ ಅಂತ ಮಗಳ ಹೆಸರು, ಅದನ್ನೇ ಮೊಬೈಲಿನಲ್ಲಿ ಹೊಡೆದುಕೊಳ್ಳುತ್ತ ಮಗಳು ಅಂಗಳದಲ್ಲಿ, ಪರಸಪ್ಪ ಏಣಿ ಇಳಿದು ಬಾಗಿಲ ಪಕ್ಕ ಕುಕ್ಕುರುಗಾಲಿನಲ್ಲಿ ಕೂತಿದ್ದಾನೆ, ಆರತಿಯವಳಿಗೆ ಸೀರೆ ಆಗಿದೆ, ತಟ್ಟೆ ಆಗಿದೆ, ತಟ್ಟೆಯಲ್ಲಿ ದೀಪ ಆಗಿದೆ, ಕುತ್ತಿಗೆಯ ಮೇಲೆ ಏನೂ ಇಲ್ಲ, ಬಿಳಿ ಸುಣ್ಣ, ಮುಖ ಯಾವಾಗಲೂ ಕಡೆಗೆ ಬರೆಯುತ್ತಾನೆ, ದೇವರೇ, ತಡವಾಗಿಲ್ಲ. ಭಾಗ್ಯಾನ ಅಪ್ಪಾ, ಅಂದಳು, ಹ್ಞಂ ಅಂದ, ಇಕೀಗೆ ನನ್ನ ಮಾರಿ ಬರೀರಿ, ಅಂದಳು, ಅಂದ ಮೇಲೆ ನಾಚಿಕೆಯಾಯಿತು, ಮಗಳು ಮೊಬೈಲು ಇಳಿಸಿ ನೋಡಿದಳು, ಬರೀರಿ ಅಪ್ಪಾ, ಚಂದ ಆಗ್ತೈತಿ, ಬೀಗರು ಬಂದ್ರ ಅವ್ವ ಹೊರಗೂ ನಿಂತಿರ್ತಾಳ ಒಳಗೂ ನಿಂತಿರ್ತಾಳ ಅಂತ ಛೇಡಿಸಿದಳು, ಪರಸಪ್ಪ ಕುಂಚ ಝಾಡಿಸಿದ, ನಿಂದಾ, ಅದಕ್ಕೇನಾತು, ಬರೀತೇನಿ ತಗೋ ಅಂದ, ನಗುತ್ತಲೇ ಅಂದ, ಒಲ್ಲೆ ಅನ್ನಲಿಲ್ಲ, ಇಷ್ಟು ಸುಲಭವಿತ್ತೇ, ಇಷ್ಟು ವರ್ಷ ಕೇಳಿದ್ದರೆ ಸಾಕಿತ್ತೇ. ರೇವವ್ವ ಸೆರಗಿನಿಂದ ಮುಖ ಒರೆಸಿಕೊಂಡಳು, ಕೂದಲು ಕಿವಿಯ ಹಿಂದೆ ಸರಿಸಿದಳು, ಬೆಳಕು ಬೀಳುವ ಕಡೆ ಬಂದು ಅವನ ಬೆನ್ನ ಹಿಂದೆ ನಿಂತಳು, ಕುತ್ತಿಗೆಯನ್ನು ತುಸು ಬಾಗಿಸಿದಳು, ತುಟಿ ನೆಕ್ಕಿಕೊಂಡು ಅಲುಗಾಡದೆ ನಿಂತಳು, ಈಗ ತಿರುಗುತ್ತಾನೆ, ಈಗ ನೋಡುತ್ತಾನೆ, ನೋಡಿ ನೋಡಿ ಬರೆಯಬೇಕಲ್ಲವೇ, ಅವನು ತಿರುಗಲಿಲ್ಲ, ಗೋಡೆಗೆ ಮುಖ ಮಾಡಿಕೊಂಡೇ ಕುಂಚ ಅದ್ದಿದ, ಕೆನ್ನೆಯ ಗೆರೆ ಎಳೆದ, ಮೂಗು, ಕಣ್ಣು — ಇರಲಿ, ತಿರುಗದಿದ್ದರೇನು, ಇಷ್ಟು ವರ್ಷ ಎದುರಿಗೆ ಕೂತು ಉಂಡವನು, ಬಾಯಿಪಾಠ ಇರಬಹುದು, ನೋಡುವ ಹಂಗೇ ಇಲ್ಲದಷ್ಟು ಗೊತ್ತಿರಬಹುದು, ಹಾಗೂ ಇರುತ್ತದೆ ಕೆಲವರಿಗೆ, ಎದೆ ಹಿಗ್ಗಿತು, ಹುಬ್ಬು ಬಂತು, ಎಡ ಹುಬ್ಬು, ಕಡಿಯಬೇಕು ಇಲ್ಲಿ, ನಡುವೆ, ಇಲ್ಲೇ, ಕುಂಚ ನಿಲ್ಲಲಿಲ್ಲ, ಬಿಲ್ಲಿನಂತೆ ಈ ತುದಿಯಿಂದ ಆ ತುದಿಗೆ ಹೋಯಿತು, ಆಮೇಲೆ ತುದಿಯನ್ನು ಕರಿಯಲ್ಲಿ ಮತ್ತೊಮ್ಮೆ ಅದ್ದಿ, ಡಬ್ಬಿಯ ಅಂಚಿಗೆ ಒರೆಸಿ, ಉಸಿರು ಹಿಡಿದು, ಎಷ್ಟು ಅಕ್ಕರೆ ಆ ಕೈಯಲ್ಲಿ, ನೋಡು, ಆತು, ಥೇಟ್ ನೀನಽ ಅಂದ ಪರಸಪ್ಪ, ಗೋಡೆಗೇ ಅಂದ, ಅವ್ವಾ ನೋಡಬಾ ಅಂದಳು ಮಗಳು, ರೇವವ್ವ ಕುತ್ತಿಗೆ ಬಾಗಿಸಿಕೊಂಡೇ ನಿಂತಿದ್ದಳು, ಬೆರಳು ತಾನಾಗಿ ತನ್ನ ತುಟಿಯ ಕೆಳಗೆ ಹೋಗಿ ತಡವಿತು, ಬರಿ ಚರ್ಮ, ಬೆವರು, ಎದುರಿಗೆ ಕೆಳತುಟಿಯ ಕೆಳಗೆ, ಬಲಕ್ಕೆ, ಸಾಸಿವೆ ಕಾಳಿನಷ್ಟು, ಕರಿ, ಇನ್ನೂ ಹಸಿ —